ಕೊಳಲು ಕಚ್ಚಿದ ಕುರಿ

ಹತ್ತನೇ ಕ್ಲಾಸಿನಲ್ಲಿ ನನಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ದಸರಾ ರಜೆಗೆ ಧರ್ಮಪುರದ ಹತ್ತಿರದ ಅಜ್ಜಿಯ ಊರಿಗೆ ಹೋದಾಗ, ಕುರಿರೊಪ್ಪದ ಗೋಡೆಯಲ್ಲಿ ಗಾಜು ಹಾಕಿಸಿದ ಹಳೆಯ ಚಿತ್ರವೊಂದು ಕಂಡಿತು. ಬರೆದವರ ಹೆಸರಿಲ್ಲ. ಕುರಿಯೊಂದು ಮುಂಗಾಲುಗಳನ್ನು ಬಂಡೆಯ ಮೇಲಿಟ್ಟು ನಿಂತಿದೆ. ಹೊಟ್ಟೆ ಕುಂಬಳಕಾಯಿ. ಬಾಯಲ್ಲಿ ಅಡ್ಡಲಾಗಿ ಕಡ್ಡಿ. ಎಡಪಕ್ಕೆಯ ಮೇಲೊಂದು ಅಂಗೈ.

ಚಿತ್ರವನ್ನು ಜಗಲಿಗೆ ಹೊತ್ತು ತಂದು, ಅಜ್ಜಿಯನ್ನೂ ಪಕ್ಕದ ಮನೆಯಾಕೆಯನ್ನೂ ಕೂರಿಸಿ ಭಾಷಣ ಶುರುಮಾಡಿದೆ. "ಬಂಡೆ ಅಂದ್ರೆ ಸಂಸಾರ. ಕುರಿ ಜೀವಾತ್ಮ, ಮ್ಯಾಲಕ್ಕೆ ಹತ್ತುತಾ ಐತೆ. ಹೊಟ್ಟೇಲಿ ಹದಿನಾಲ್ಕು ಲೋಕ ಅವೆ. ಬಾಯಾಗಿರೋದು ಕೊಳಲು. ಅಂಗೈ ದೇವರ ಅಭಯಹಸ್ತ!"

"ಕುರಿ ಕೊಳಲು ಊದ್ತೈತೇನೇ?" ಎಂದಳು ಪಕ್ಕದ ಮನೆಯಾಕೆ.

"ನಿಮಗೆ ಕೇಳ್ಸಲ್ಲ, ಅಷ್ಟೆ."

ಅಜ್ಜಿ ಶೇಂಗಾ ಸುಲಿಯುತ್ತ, "ಹೇಳ್ಲಿ ಬಿಡು, ಗಂಟ್ಲು ಒಣಗಿದ್ಮ್ಯಾಲೆ ಸುಮ್ಕಾಗ್ತಾಳೆ" ಎಂದಳು.

ಒಣಗಲಿಲ್ಲ. ಆದರೆ ಚಿತ್ರ ಹೊತ್ತು ತರುವ ಭರದಲ್ಲಿ ರೊಪ್ಪದ ಬಾಗಿಲು ಹಾಕಲು ಮರೆತಿದ್ದೆ. ತಾಯಿಕುರಿ ಸತ್ತ ಮೇಲೆ ಅಜ್ಜಿ ಬಾಟಲಿ ಹಾಲು ಕುಡಿಸಿ ಸಾಕಿದ ಕರಿ ಕುರಿ ಕುಂಟುತ್ತಿದ್ದರಿಂದ ಅಂದು ಮೇಯಲು ಹೋಗಿರಲಿಲ್ಲ. ಅದು ಹೊರಬಂದು ಹಸಿ ಶೇಂಗಾ ಬಳ್ಳಿ ಮುಕ್ಕಿ ತಮಟೆಯಂತೆ ಉಬ್ಬಿಕೊಂಡಿತು. ನಾಲಿಗೆ ಹೊರಗೆ, ಉಸಿರು ಅರ್ಧಕ್ಕೆ. ದನದ ಡಾಕ್ಟರು ಇದ್ದದ್ದು ಹಿರಿಯೂರಿನಲ್ಲಿ, ಬಸ್ಸು ಹೋಗಿಯಾಗಿತ್ತು.

ಅಜ್ಜಿ ಬೇವಿನ ಕಡ್ಡಿ ಮುರಿದಳು. "ಏನೇ ಪಂಡಿತೆ, ಅಳ್ತಾ ನಿಂತ್ಕಬ್ಯಾಡ! ಮುಂಗಾಲೆತ್ತಿ ಕಟ್ಟೆ ಮ್ಯಾಲಿಡು. ಚಿತ್ರದಾಗೆ ಹೆಂಗೈತೋ ಹಂಗೆ!" ಕಡ್ಡಿಯನ್ನು ಕುರಿಯ ಬಾಯಿಗೆ ಅಡ್ಡ ಕೊಟ್ಟು ಕಿವಿಯ ಹಿಂದೆ ದಾರ ಕಟ್ಟಿದಳು. ಕುರಿ ಜಗಿಯತೊಡಗಿತು. "ಎಲ್ಲೇ ನಿನ್ ಅಭಯಹಸ್ತ? ಎಡಕ್ಕೆ ತಿಕ್ಕು!"

ತೋಳು ಕಳಚಿ ಬೀಳುವಷ್ಟು ತಿಕ್ಕಿದೆ. ಕೊನೆಗೆ ಹದಿನಾಲ್ಕು ಲೋಕಗಳೂ ಒಂದೇ ತೇಗಿನಲ್ಲಿ ನನ್ನ ಮುಖಕ್ಕೆ ಬಂದವು. ಆ ವಾಸನೆ ಆಂಧ್ರದ ಗಡಿ ದಾಟಿರಬೇಕು.

"ಕೊಳಲು ಕೇಳಿಸ್ತೇನೇ?" ಎಂದು ಅಜ್ಜಿ ಕಣ್ಣೊರೆಸಿಕೊಂಡು ನಕ್ಕಳು.

ಸಂಜೆ ಚಿತ್ರವನ್ನು ಅದರ ಮೊಳೆಗೇ ತೂಗುಹಾಕಿದೆ. ಓದು ಬಾರದವರಿಗಾಗಿ, ಗಾಬರಿಯಲ್ಲಿ ಕೈಕಾಲು ಆಡದ ನನ್ನಂಥವರಿಗಾಗಿ ಯಾರೋ ಒಂದಕ್ಷರವೂ ಇಲ್ಲದೆ ಎಲ್ಲವನ್ನೂ ಹೇಳಿಟ್ಟಿದ್ದರು. ಯಾವ ಪಕ್ಕೆ ಎಂಬುದನ್ನೂ ಬಿಟ್ಟಿರಲಿಲ್ಲ. ದಾವಣಿಯ ಸೆರಗಿನಿಂದ ಗಾಜು ಒರೆಸುತ್ತಿದ್ದಾಗ ಅಜ್ಜಿ ಒಳಗಿನಿಂದ ಕೂಗಿದಳು: "ಬಾಗ್ಲು ಹಾಕ್ದೇನೇ?"

ಎರಡು ಸಲ ಹಾಕಿ ನೋಡಿದ್ದೆ.