ಅಕ್ಕ ಬದಲಿಸಿದ ಕೊನೆ

ನಾನು ಚಿಕ್ಕವನಿದ್ದಾಗ ಕಡಲ ದಂಡೆಯ ಕೇಣಿ ಊರಿನ ನಮ್ಮ ಮನೆಯಲ್ಲಿ ಕತೆ ಪುಸ್ತಕವೆಂದರೆ ಒಂದೇ. ಕಾರವಾರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಮರಾಠಿ ಶಾಲೆಯಲ್ಲಿ ಓದಿದ ಅಕ್ಕ ಅದನ್ನು ತಂದಿದ್ದಳು. ಇಂಗ್ಲಿಷಿನ ಕತೆಯನ್ನು ಯಾರೋ ಮರಾಠಿಗೆ ತಂದಿದ್ದರು. ಅಕ್ಕ ಮರಾಠಿಯಲ್ಲಿ ಓದಿಕೊಂಡು ನಮ್ಮ ಮಾತಿನಲ್ಲಿ ಹೇಳುತ್ತಿದ್ದಳು. ಮಾತಾಡುವ ತಿಮಿಂಗಿಲದ ಬೆನ್ನೇರಿ ಕಡಲಡಿಯ ರಾಜ್ಯಕ್ಕೆ ಹೋದ ಹುಡುಗನ ಕತೆ ಅದು. ಪುಸ್ತಕದಲ್ಲಿ ಬ್ರೆಡ್ಡು ಬೆಣ್ಣೆ ತಿನ್ನುತ್ತಿದ್ದ ಹುಡುಗ ಅಕ್ಕನ ಬಾಯಲ್ಲಿ ಗಂಜಿಗೆ ಸುಟ್ಟ ಒಣಬಂಗಡೆ ಮೀನು ನೆಂಚಿಕೊಳ್ಳುತ್ತಿದ್ದ. ಅಕ್ಕ ಹಿಮ ಕಂಡವಳಲ್ಲ, ಅದಕ್ಕೇ ಅವನೂರಿನಲ್ಲಿ ಆಷಾಢದ ಮಳೆ ಸುರಿಸಿದಳು. ಕೊನೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದರಲ್ಲಿ ಹುಡುಗ ಮರಳಿ ಬರುವುದಿಲ್ಲ, ತಾಯಿ ದಡದಲ್ಲಿ ಕಾಯುತ್ತಲೇ ಇರುತ್ತಾಳೆ. ನಾನು ಅತ್ತು ರಂಪ ಮಾಡಿದರೆ, "ಬರ್ದವ್ರೇ ಹಂಗೆ ಬರ್ದಾರೆ, ನಾ ಎಂತ ಮಾಡುದು?" ಎನ್ನುತ್ತಿದ್ದಳು.

ನಮ್ಮಲ್ಲಿ ಹಗಲು ಹೊತ್ತು ಕತೆ ಹೇಳುವಂತಿರಲಿಲ್ಲ. ಹೇಳಿದರೆ ಕಡಲಿಗೆ ಹೋದವರು ದಾರಿ ತಪ್ಪುತ್ತಾರೆಂದು ಹಿರಿಯರ ಮಾತು. ಮೊಮ್ಮಕ್ಕಳೇ, ನೀವು ನಗುತ್ತೀರಿ, ನಗಿ. ಆಗ ಯಾರೂ ನಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ಉಳಿದ ದೋಣಿಗಳೆಲ್ಲ ಬಂದವು, ಅಪ್ಪನದು ಬರಲಿಲ್ಲ. ಮಧ್ಯಾಹ್ನವಾದರೂ ಸುಳಿವಿಲ್ಲ. ಗಂಡಸರು ದಡದಲ್ಲಿ ಕಡಲು ನೋಡುತ್ತ ನಿಂತಿದ್ದರು. ಅವ್ವ ಆರಿದ ಗಂಜಿಯನ್ನು ಮತ್ತೆ ಮತ್ತೆ ಬಿಸಿ ಮಾಡುತ್ತಿದ್ದಳು. ಮನೆ ತುಂಬ ಹಸಿ ಸೌದೆಯ ಹೊಗೆ, ಒದ್ದೆ ಬಲೆಯ ವಾಸನೆ. ಹೊರಗೆ ಅಲೆಗಳ ಅಬ್ಬರ. ನಾನು ಹೆದರಿ ಚೀರತೊಡಗಿದೆ. ನನ್ನನ್ನು ಸುಮ್ಮನಾಗಿಸಲು ಬೇರೆ ದಾರಿ ಕಾಣದೆ ಅಕ್ಕ ಪುಸ್ತಕ ತೆಗೆದಳು. ಹುಡುಗ ತಿಮಿಂಗಿಲದ ಬೆನ್ನೇರಿದ್ದಷ್ಟೇ, ಅವ್ವ ಓಡಿ ಬಂದಳು.

"ಹಗಲೊತ್ತು ಕತಿ ತೆಗದ್ಯೇನೇ! ಅವ್ರಿನ್ನೂ ಕಡ್ಲಾಗವ್ರೆ!"

ಅಕ್ಕ ಪುಟಕ್ಕೆ ಬೆರಳಿಟ್ಟು ಪುಸ್ತಕವನ್ನು ಅರ್ಧ ಮುಚ್ಚಿದಳು. ಅರ್ಧಕ್ಕೆ ಬಿಟ್ಟರೆ ಹುಡುಗ ನಡುನೀರಿನಲ್ಲೇ ಉಳಿಯುತ್ತಾನೆ. ಮುಗಿಸಿದರೆ ಅವನು ಬರುವುದೇ ಇಲ್ಲ. ನಾನು ಅವಳ ಕೈ ಹಿಡಿದು ಜಗ್ಗಿದೆ. "ಅವನ್ನ ಮನಿಗೆ ಕರ್ಕಂಬಾ ಅಕ್ಕಾ, ಕರ್ಕಂಬಾ!"

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನಮಗೆ ಮೂವರಿಗೂ ಆ ಹೊತ್ತು ಕತೆಯ ಹುಡುಗನೇ ಆಸರೆಯಾದ. ಅಕ್ಕ ಪುಸ್ತಕ ಮುಚ್ಚಿಟ್ಟು ಹೇಳತೊಡಗಿದಳು. ತಿಮಿಂಗಿಲ ಹಿಂದೆ ತಿರುಗಿತು. ಅಲೆ ಹೊಡೆದರೂ ಹುಡುಗ ಹಿಡಿತ ಬಿಡಲಿಲ್ಲ. ಅವನ ಕಾಲಿಗೆ ಮರಳು ಸಿಕ್ಕಿತು. ಬಾಗಿಲಲ್ಲಿ ನಿಂತು "ಹಸಿವೆ" ಎಂದ.

"ಹೊಟ್ಟಿ ತುಂಬ ಉಂಡ್ನೇನೇ?" ಎಂದು ಕೇಳಿದವಳು ಅವ್ವ.

"ಉಂಡ ಅವ್ವಾ," ಎಂದಳು ಅಕ್ಕ.

ಆ ಕೊನೆಯನ್ನೇ ಸಂಜೆಯವರೆಗೆ ಮತ್ತೆ ಮತ್ತೆ ಹೇಳಿಸಿದೆವು. ಅಪ್ಪ ಆ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ.

ಈಗ ನಿಮ್ಮ ಅಪ್ಪ ಟ್ರಾಲರಿನಿಂದಲೇ ಮೊಬೈಲಿನಲ್ಲಿ "ಅನ್ನಕ್ಕಿಡಿ, ಬಂದೆ" ಎನ್ನುತ್ತಾನೆ. ನೀವು ಟೀವಿಯಿಂದ ತಲೆ ಎತ್ತುವುದೂ ಇಲ್ಲ. ಹೋದವರು ಬಂದೇ ಬರುತ್ತಾರೆ ಎಂಬ ಲೋಕ ನಿಮ್ಮದು, ಅದು ಹಾಗೇ ಇರಲಿ. ಅದೇ ಕತೆ ಈಗ ಸಿನಿಮಾವಾಗಿ, ಸೀಡಿಯಲ್ಲಿ ನಿಮ್ಮ ಕೈಗೆ ಬಂದಿದೆ. ಅದರಲ್ಲಿ ತಿಮಿಂಗಿಲ ಜೋಕು ಹೇಳುತ್ತದೆ, ಮೀನುಗಳು ಕುಣಿಯುತ್ತವೆ, ಕೊನೆಗೆ ಹುಡುಗ ಓಡಿ ಬಂದು ತಾಯಿಯನ್ನು ತಬ್ಬಿಕೊಳ್ಳುತ್ತಾನೆ. ಶಾಲೆಯಲ್ಲಿ ಆ ಕತೆಯ ಕನ್ನಡ ಪುಸ್ತಕ ಓದಿದ, ನಿಮ್ಮೊಳಗೆ ದೊಡ್ಡವಳಿಗೆ ನಿನ್ನೆ ಸಿಟ್ಟು ಬಂತು. "ಸಿನಿಮಾದವ್ರು ಸುಳ್ಳು ಮಾಡಾರೆ ಅಜ್ಜಾ!"

ಹೌದು ಮಗಾ, ಪುಸ್ತಕದಲ್ಲಿ ಅವನು ಬರುವುದಿಲ್ಲ. ಆದರೂ ಸೀಡಿಯ ಆ ಕೊನೆಯನ್ನು ಇನ್ನೊಮ್ಮೆ ಹಾಕು. ಅಜ್ಜನಿಗೆ ನೋಡಬೇಕು.