ಶಾಲೆಯ ಅಂಗಳದಲ್ಲಿ ಓದಿದ ನನ್ನ ವರದಿ

ಮೂರು ವರ್ಷದ ಹಿಂದಿನ ಕಾಫಿ ಕೊಯ್ಲಿನ ಸಮಯ. ಆಗ ನಾನು ಸಕಲೇಶಪುರದಲ್ಲಿ ಒಂದು ಪತ್ರಿಕೆಯ ವರದಿಗಾರ. ಆಲೂರು ಕಡೆಯ ಎಸ್ಟೇಟೊಂದರಲ್ಲಿ ಬೆಳಿಗ್ಗೆ ಹಣ್ಣು ಕೊಯ್ಯಲು ಹೋಗಿದ್ದ ಹೆಂಗಸನ್ನು ಕಾಡಾನೆ ತುಳಿದು ಕೊಂದಿತು. ಆಕೆಯ ಗಂಡ ಅದಕ್ಕೂ ಎರಡು ವರ್ಷ ಮೊದಲೇ, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತೀರಿಕೊಂಡಿದ್ದ. ಉಳಿದವರು ಮೂರನೇ ತರಗತಿಯ ಮಗಳು, ಮತ್ತೆ ಅಜ್ಜಿ. ಆ ಮಗುವಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಸ್ಥಳಕ್ಕೆ ಹೋದೆ, ಸೇರಿದ್ದ ಜನರನ್ನು ಮಾತನಾಡಿಸಿದೆ, ಮಧ್ಯಾಹ್ನದೊಳಗೆ ಸುದ್ದಿ ಕಳಿಸಿದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ಆನೆ ಸಂಚಾರದ ಬಗ್ಗೆ ಅರಣ್ಯ ಇಲಾಖೆಯ ಮೊಬೈಲ್ ಸಂದೇಶ ಬಂದಿದ್ದರೂ ಲೆಕ್ಕಿಸದೆ ಮಹಿಳೆ ತೋಟಕ್ಕೆ ತೆರಳಿದ್ದರು.’ ಗುಂಪಿನಲ್ಲಿ ಇಬ್ಬರು ಹಾಗೆ ಹೇಳಿದ್ದರು. ಇಬ್ಬರು ಹೇಳಿದರಲ್ಲ ಎಂದು ಬರೆದೆ.

ಎರಡು ತಿಂಗಳ ನಂತರ ಮಕ್ಕಳ ಕಾರ್ಯಕ್ರಮವೊಂದರ ಫೋಟೊಗೆಂದು ಆ ಊರಿನ ಪ್ರಾಥಮಿಕ ಶಾಲೆಗೆ ಹೋದೆ. ಬೆಳಗಿನ ಪ್ರಾರ್ಥನೆ ನಡೆಯುತ್ತಿತ್ತು. ಮಕ್ಕಳೆಲ್ಲ ತರಗತಿವಾರು ಸಾಲಾಗಿ ನಿಂತಿದ್ದರು. ಒಬ್ಬ ಹುಡುಗಿ ಮಾತ್ರ ನಲ್ಲಿಯ ಕಟ್ಟೆಯ ಮೇಲೆ ಅವರಿಗೆ ಬೆನ್ನು ಹಾಕಿ ಕೂತಿದ್ದಳು.

“ನಾನೇ ನಿಮಗೆ ಫೋನ್ ಮಾಡ್ಬೇಕು ಅಂತಿದ್ದೆ ಸಾರ್” ಎಂದರು ಮುಖ್ಯ ಶಿಕ್ಷಕಿ. “ನೋಡಿ, ಅವಳೇ, ಆನೆ ತುಳಿದು ತೀರ್ಕೊಂಡ್ರಲ್ಲ, ಅವರ ಮಗಳು. ನಿಂತ್ಕೊ ಅಂದ್ರೆ ಕೂತ್ಕೊತಾಳೆ, ಕೂತ್ಕೊ ಅಂದ್ರೆ ಎದ್ದು ಹೋಗ್ತಾಳೆ. ಮೊನ್ನೆ ಒಂದು ಹುಡುಗಿ ಕೈ ಕಚ್ಚಿ ರಕ್ತ ಬರ್ಸಿದ್ಲು. ಮುಂಚೆ ಇವಳೇ ಕ್ಲಾಸ್ ಲೀಡರ್ ಕಣ್ರೀ. ಅಪ್ಪ ಅಮ್ಮ ಇಬ್ರೂ ಇಲ್ಲದ ಮಕ್ಕಳು ಹಿಂಗೇ ಕೈ ತಪ್ಪಿ ಹೋಗ್ತಾರೆ. ನೀವೊಂದು ಲೇಖನ ಬರೀರಿ.”

ಕಚ್ಚಿಸಿಕೊಂಡ ಮಗುವಿನ ಮನೆಯವರು ಜಗಳಕ್ಕೆ ಬಂದಿದ್ದರಂತೆ. ಹೀಗೇ ಆದರೆ ಜೂನ್‌ನಿಂದ ಹಾಸನದ ವಸತಿ ಶಾಲೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅಜ್ಜಿ ಒಪ್ಪಿರಲಿಲ್ಲ.

ಯಾವಾಗಿನಿಂದ ಹೀಗೆ ಎಂದು ಕೇಳಿದೆ.

“ಅಮ್ಮ ತೀರ್ಕೊಂಡ್ಮೇಲೆ ಹತ್ತು ದಿನ ಬಂದಿರ್ಲಿಲ್ಲ. ಬಂದ ದಿನದಿಂದ್ಲೇ.” ಮತ್ತೆ ಅವರೇ ಹೇಳಿದರು, “ಪ್ರಾರ್ಥನೆಲಿ ದಿನಾ ಪೇಪರ್ ಓದಿಸ್ತೀವಲ್ಲ, ನಿಮ್ಮ ಸುದ್ದೀನೂ ಓದಿಸಿದ್ದೆ. ಅವತ್ತು ಅವಳಿರ್ಲಿಲ್ಲ. ಹೇಳಿದ ಮಾತು ಕೇಳ್ದಿದ್ರೆ ಹಿಂಗಾಗುತ್ತೆ, ತೋಟದ ಕಡೆ ಹೋಗ್ಬೇಡಿ ಅಂತ ಮಕ್ಕಳಿಗೆ ಬುದ್ಧಿ ಹೇಳಿದ್ದೆ. ತಪ್ಪಾ ಸಾರ್?”

ನಾನು ನಲ್ಲಿಯ ಹತ್ತಿರ ಹೋದೆ. ಹುಡುಗಿ ತಿರುಗಿ ನನ್ನ ಕ್ಯಾಮೆರಾ ನೋಡಿದಳು.

“ಪೇಪರ್ನೋರು ನೀವೇನಾ?”

ಹೌದೆಂದೆ.

“ನಮ್ಮವ್ವಂಗೆ ಹೋಗ್ಬ್ಯಾಡ ಅಂತ ಹೇಳಿದ್ದು ಯಾರು?”

ಫೋನಿಗೆ ಮೆಸೇಜ್ ಬಂದಿತ್ತಂತೆ ಎಂದೆ.

“ಅವ್ವಂಗೆ ಫೋನೇ ಇರ್ಲಿಲ್ಲ. ನಿಮ್ಮವ್ವ ಮಾತು ಕೇಳ್ದೆ ಹೋಗಿ ಸತ್ತೋದ್ಲು, ಪೇಪರಲ್ಲೇ ಐತೆ ಅಂತಾರೆ ಇವ್ರೆಲ್ಲ.”

ಅಲ್ಲಿಂದ ಎಸ್ಟೇಟಿನ ಕೂಲಿಯವರ ಸಾಲುಮನೆಗಳಲ್ಲಿದ್ದ ಅವರ ಲೈನ್ ಮನೆಗೆ ಹೋದೆ. ಅಜ್ಜಿ ಸೌದೆ ಒಣಗಿಸುತ್ತಿದ್ದರು.

“ಫೋನು ಮಳೆಗಾಲದಲ್ಲೇ ನೀರಿಗೆ ಬಿದ್ದು ಹಾಳಾಗ್ಬುಟ್ಟಿತ್ತು ಕಣಪ್ಪ” ಎಂದರು. “ಹಣ್ಣು ಕುಯ್ಯಕ್ಕೆ ಬಾ ಅಂತ ಕರ್ದೋರವ್ರೆ. ಬ್ಯಾಡ ಅಂದೋರು ಯಾರವ್ರೆ? ಈಗ ಈ ಕೂಸ್ನೂ ಕಳಿಸ್ಬುಡಿ ಅಂತಾರೆ. ನಾನು ಯಾರ ಮಕ ನೋಡ್ಕೊಂಡಿರ್ಲಿ?”

ಸಾವಿನ ದಿನ ನಾನು ಆ ಮನೆಗೆ ಹೋಗಿರಲಿಲ್ಲ. ತೋಟದಿಂದ ಹತ್ತು ನಿಮಿಷದ ದಾರಿ.

ತಿದ್ದುಪಡಿ ಹಾಕಿ ಎಂದು ಕೇಳಿದಾಗ, “ಎರಡು ತಿಂಗಳ ಹಿಂದಿಂದು ಮಾರಾಯ, ಈಗ ಯಾರು ಕೇಳ್ತಾರೆ?” ಎಂದರು ಪತ್ರಿಕೆಯ ಡೆಸ್ಕಿನವರು. ಒಂದು ವಾರ ಬೆನ್ನು ಹತ್ತಿದ ಮೇಲೆ ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಬಂತು. ಅದನ್ನು ಹಿಡಿದು ಮತ್ತೆ ಪ್ರಾರ್ಥನೆಯ ಹೊತ್ತಿಗೆ ಶಾಲೆಗೆ ಹೋದೆ.

ಮುಖ್ಯ ಶಿಕ್ಷಕಿ ಮಕ್ಕಳ ಕೈಗೆ ಕೊಡದೆ ತಾವೇ ಓದಿದರು. ಆ ಮಹಿಳೆಯ ಬಳಿ ಮೊಬೈಲ್ ಇರಲಿಲ್ಲ, ಎಚ್ಚರಿಕೆ ಅವರಿಗೆ ತಲುಪಿರಲಿಲ್ಲ, ಪ್ರಕಟವಾದ ಮಾಹಿತಿ ತಪ್ಪು, ಅದಕ್ಕೆ ವಿಷಾದಿಸುತ್ತೇವೆ ಎಂದಿತ್ತು. ಓದಿ ಮುಗಿಸಿ, “ನಾನು ಅವತ್ತು ಹೇಳಿದ್ದೂ ತಪ್ಪು. ಇನ್ಮೇಲೆ ಯಾರೂ ಅವಳಿಗೆ ಆ ಮಾತು ಅನ್ನಂಗಿಲ್ಲ” ಎಂದರು. ಅದನ್ನು ಎಲ್ಲರ ಮುಂದೆ ಹೇಳುವುದು ಸುಲಭವಿರಲಿಲ್ಲ.

ಹುಡುಗಿ ಕಟ್ಟೆಯಿಂದ ಇಳಿದು ಸಾಲುಗಳ ನಡುವೆ ನಡೆದು ನನ್ನ ಹತ್ತಿರ ಬಂದಳು. ಮುಖ ಬೇರೆಯೇ ಆಗಿತ್ತು.

“ಪೇಪರ್ ಸುದ್ದಿ ತಪ್ಪಂತಾ?”

“ಹೌದಮ್ಮ, ತಪ್ಪು.”

“ಎಲ್ಲಾನೂ?”

ಏನು ಕೇಳುತ್ತಿದ್ದಾಳೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು: ಅವ್ವ ಸತ್ತದ್ದೂ ತಪ್ಪು ಸುದ್ದಿಯೇ ಎಂದು. ತಾಯಿಯ ದೇಹವನ್ನು ಅವಳಿಗೆ ತೋರಿಸಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ತೋರಿಸುವ ಸ್ಥಿತಿಯಲ್ಲಿ ಇರಲಿಲ್ಲವಂತೆ.

“ಇಲ್ಲ” ಎಂದೆ. “ಆ ಒಂದು ಮಾತು ಮಾತ್ರ.”

ಅವಳು ತಿರುಗಿದಳು. ನಂತರ ಹೋಗಿ ಮೂರನೇ ತರಗತಿಯ ಸಾಲಿನ ಕೊನೆಯಲ್ಲಿ ಕೈ ಇಳಿಬಿಟ್ಟು ನಿಂತಳು. “ನೋಡಿ, ಸರಿಹೋದ್ಲು” ಎಂದು ಮುಖ್ಯ ಶಿಕ್ಷಕಿ ನನ್ನ ಕಿವಿಯ ಬಳಿ ಹೇಳಿದರು. ಅವರ ಕಣ್ಣು ತುಂಬಿತ್ತು.

ಅವಳನ್ನು ಹಾಸನಕ್ಕೆ ಕಳಿಸಲಿಲ್ಲ. ಈಗಲೂ ಅಜ್ಜಿಯ ಜೊತೆಗಿದ್ದಾಳೆ. ಆಮೇಲೆ ಯಾರನ್ನೂ ಕಚ್ಚಿಲ್ಲ, ಹೇಳಿದ್ದನ್ನೆಲ್ಲ ಮಾಡುತ್ತಾಳೆ. ಕೇಳಿದ್ದಕ್ಕಷ್ಟೇ ಉತ್ತರ, ತಾನಾಗಿ ಮಾತಿಲ್ಲ ಎಂದು ಮುಖ್ಯ ಶಿಕ್ಷಕಿ ಹೇಳುತ್ತಿರುತ್ತಾರೆ. ಅವರು ಕೇಳಿದ ಲೇಖನವನ್ನು ನಾನು ಬರೆಯಲಿಲ್ಲ.

ಈಗ ಯಾವುದೇ ಸಾವಿನ ಸುದ್ದಿ ಬರೆಯುವ ಮೊದಲು ಮಕ್ಕಳಿದ್ದಾರೆಯೇ, ಯಾವ ಶಾಲೆ ಎಂದು ಕೇಳುತ್ತೇನೆ. ಆ ವಿವರವನ್ನು ಅಚ್ಚಿಗೆ ಕೊಡುವುದಿಲ್ಲ. ಮರುದಿನ ಬೆಳಿಗ್ಗೆ ಯಾವ ಅಂಗಳದಲ್ಲಿ ಆ ಸುದ್ದಿಯನ್ನು ಗಟ್ಟಿಯಾಗಿ ಓದುತ್ತಾರೆ ಎಂಬುದು ಬರೆಯುವಾಗ ನನಗೆ ಗೊತ್ತಿರಬೇಕು, ಅಷ್ಟೇ.