ಪೂನಮ್ ಹೊದ್ದುಕೊಂಡ ಶಾಲು

ಪೋಸ್ಟ್ ಕಾರ್ಡಿಗೆ ಮುಚ್ಚಳವಿಲ್ಲ. ಬರೆದವರ ಕೈಯಿಂದ ಮುಟ್ಟಬೇಕಾದವರ ಕೈಗೆ ಬರುವಷ್ಟರಲ್ಲಿ ಅದನ್ನು ಪೋಸ್ಟಿನವನು ಓದಿರುತ್ತಾನೆ, ಚಹಾದಂಗಡಿಯವನು ಓದಿರುತ್ತಾನೆ, ಓದು ಬಾರದವರು ಓದಿಸಿ ಕೇಳಿರುತ್ತಾರೆ. ಇದು ನಿಮಗೆ ಗೊತ್ತು. ಧಾರವಾಡದಲ್ಲಿ ಸಮಾಜಕಾರ್ಯ ಓದಿ, ಹುಬ್ಬಳ್ಳಿಯ ಆಸ್ಪತ್ರೆಯೊಂದರ ಕ್ಯಾನ್ಸರ್ ವಿಭಾಗದಲ್ಲಿ ಐದು ವರ್ಷ ದುಡಿದಿದ್ದ ಪೂನಮ್‌ಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದಳು.

ಡಾಕ್ಟರು ಗಡ್ಡೆ ನೋಡುತ್ತಿದ್ದರು. ಗಡ್ಡೆಯ ಹಿಂದಿನ ಮನುಷ್ಯರ ಊಟ, ಬಸ್ಸು, ಅಂಜಿಕೆ, ಮನೆಯ ಜಗಳ ಎಲ್ಲ ಪೂನಮ್‌ಳ ಮೇಜಿಗೆ ಬರುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ತಲೆನೋವು ತಿರುಗಿ ಬಾರದವರದು. ಎರಡು ಸಲ ‘ಕರೆಂಟು’, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಹೋದವರು ಮೂರನೆಯದಕ್ಕೆ ಬರುತ್ತಿರಲಿಲ್ಲ. ದೇವರಿಗೆ ಹರಕೆ ಹೊತ್ತು, ನಾಟಿ ಔಷಧ ಕಟ್ಟಿಸಿಕೊಂಡು, ಆರು ತಿಂಗಳಿಗೆ ಏದುಸಿರು ಬಿಡುತ್ತ ಬರುತ್ತಿದ್ದರು. ಪೂನಮ್ ಕಾರ್ಡು ಬರೆದಳು. ಯಾರೂ ಕೇರ್ ಮಾಡಲಿಲ್ಲ. ಆಗ ಅವಳಿಗೊಂದು ಬುದ್ಧಿ ಹೊಳೆಯಿತು. ದುರ್ಗದಬೈಲಿಗೆ ಹೋಗಿ ರಬ್ಬರ್ ಶಿಕ್ಕಾ ಮಾಡಿಸಿದಳು. ಆಸ್ಪತ್ರೆಯ ಹೆಸರು, ಕೆಳಗೆ ದಪ್ಪಕ್ಷರದಲ್ಲಿ ‘ಕ್ಯಾನ್ಸರ್ ವಿಭಾಗ’, ಅದರ ಕೆಳಗೆ ‘ತಕ್ಷಣ ಬರತಕ್ಕದ್ದು’. ಶಿಕ್ಕಾ ಬಿದ್ದ ಕಾಗದಕ್ಕೆ ನಮ್ಮ ಹಳ್ಳಿಗಳು ಅಂಜುತ್ತವೆ. ಜನ ಬರತೊಡಗಿದರು.

ಹುಬ್ಬಳ್ಳಿ-ಧಾರವಾಡದಲ್ಲಿ ಆಗ ಪೂನಮ್‌ಳ ಹಾಗೆ ಕ್ಯಾನ್ಸರ್ ರೋಗಿಗಳ ಕೆಲಸ ಮಾಡುವವರು ಒಟ್ಟು ಆರು ಜನ. ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಕಮರಿಪೇಟೆಯ ಒಂದು ಸಾಲೆಯ ಕೋಣೆಯಲ್ಲಿ ಸೇರುತ್ತಿದ್ದರು. ಹಿರಿಯರು ರಮಾಕಾಂತ ಸರ್. ಒಬ್ಬರಿಂದೊಬ್ಬರು ಕಲಿಯಬೇಕು ಎಂದು ಈ ಕೂಟ ಕಟ್ಟಿದವರೇ ಅವರು. ಪೂನಮ್ ತನ್ನ ಶಿಕ್ಕಾ ತೋರಿಸಿದ ದಿನ, ಮಾತಿಗೊಂದು ಚಾಷ್ಟಿ ಮಾಡುವ ಬಂದೇನವಾಜ, ಇದನ್ನು ತನ್ನ ಹೆಂಡತಿಯ ತವರಿಗೂ ಒಂದು ಒತ್ತಿ ಕಳಿಸಿದರೆ ಆಕೆ ಲಗೂ ಬಂದಾಳು ಎಂದು ನಗಿಸಿದ. ಮುಂದಿನ ತಿಂಗಳಿಗೆ ಆರೂ ಮೇಜುಗಳ ಮೇಲೆ ಆರು ಶಿಕ್ಕಾಗಳಿದ್ದವು. ಕೂಟ ಎಂದರೆ ಇದೇ ಅಲ್ಲವೇ, ಒಬ್ಬರ ಜಾಣತನ ಎಲ್ಲರದಾಗುವುದು? ಒಬ್ಬರ ಪಾಪವೂ ಹಾಗೆಯೇ ಎಲ್ಲರದಾಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತೇಳು. ಮಂಗಳವಾರ ಬೆಳಿಗ್ಗೆ ಕುಂದಗೋಳದ ಆಚೆಗಿನ ಹಳ್ಳಿಯಿಂದ ಫಕೀರೇಶ ಬಂದ. ಅವನ ತಾಯಿ ರೇಣವ್ವನಿಗೆ ಮೊಲೆಯ ಗಡ್ಡೆ. ತಾಯಿಯನ್ನು ಕರೆತಂದಿರಲಿಲ್ಲ. ಪೂನಮ್ ಕಳಿಸಿದ ಕಾರ್ಡನ್ನು ಮೇಜಿನ ಮೇಲಿಟ್ಟ.

“ಊರಾಗ ಕುರ ಆಗೇತಿ, ಕೊಯ್ಸಾಕ ಹೊಂಟೇವಿ ಅಂತ ಹೇಳಿದ್ವಿರಿ ಅಕ್ಕಾರ. ಪೋಸ್ಟಿನಾಂವ ಇದನ್ನ ಕಟ್ಟಿ ಮ್ಯಾಲೆ ನಿಂತು ಎಲ್ಲಾರೂ ಕೇಳೋಹಂಗ ಓದ್ಯಾನ್ರಿ.”

ಆಮೇಲಿನದನ್ನು ಅವನು ತುಂಡುತುಂಡಾಗಿ ಹೇಳಿದ. ಬೋರಿಂಗಿನ ಬಳಿ ಹೆಂಗಸರು ಅವ್ವನ ಕೊಡಕ್ಕೆ ತಮ್ಮ ಕೊಡ ತಾಗದಂತೆ ದೂರ ನಿಂತರು. ಹೆಂಡತಿಯ ಅಪ್ಪ ಬಂದು, ಕೂಸಿಗೆ ಅಂಟೀತು ಎಂದು ಮಗಳನ್ನೂ ಮೊಮ್ಮಗಳನ್ನೂ ಕರೆದೊಯ್ದ. ಅವ್ವ ಯಾರ ಮಾತಿಗೂ ಕಾಯದೆ ತನ್ನ ತಾಟು, ಹಾಸಿಗೆ ಎತ್ತಿಕೊಂಡು ದನದ ಕೊಟ್ಟಿಗೆಗೆ ಹೋದಳು. ಇನ್ನು ಆಸ್ಪತ್ರೆಗೆ ಬರುವುದಿಲ್ಲವಂತೆ, ಬಸ್ಸಿನಲ್ಲಿ ಎಲ್ಲರೂ ಎದ್ದು ಹೋಗುತ್ತಾರಂತೆ.

ಪೂನಮ್ ಶಿಕ್ಕಾವನ್ನು ಡ್ರಾವರಿನೊಳಗೆ ಹಾಕಿ ಕೀಲಿ ಹಾಕಿದಳು.

ಆ ಶನಿವಾರವೇ ಕೂಟದಲ್ಲಿ ಅವಳಿಗೆ ಸನ್ಮಾನ. ಹತ್ತರಲ್ಲಿ ಏಳು ರೋಗಿಗಳನ್ನು ಮರಳಿ ತಂದವರು ಸುತ್ತಮುತ್ತ ಯಾರೂ ಇರಲಿಲ್ಲ. ಹೇಳಬೇಕೆಂದೇ ಹೋದಳು. ಮನೆಯಿಂದ ಕೋಣೆಯವರೆಗೂ ಮೊದಲ ವಾಕ್ಯವನ್ನು ಬಾಯಿಪಾಠ ಮಾಡಿದಳು. ರಮಾಕಾಂತ ಸರ್ ಶಾಲು ಹೊದಿಸಿದರು, ಬಂದೇನವಾಜ ಚಪ್ಪಾಳೆ ತಟ್ಟಿದ, ಧಾರವಾಡದಿಂದ ಕೆಲಸ ಕಲಿಯಲು ಬಂದಿದ್ದ ಹೊಸ ಹುಡುಗಿಯೊಬ್ಬಳು ನೋಟ್‌ಬುಕ್ ತೆರೆದು ಕುಳಿತಳು. ಪೂನಮ್ ಎದ್ದು ನಿಂತು ಹತ್ತು ನಿಮಿಷ ಮಾತಾಡಿದಳು. ಶಿಕ್ಕಾದ ಉಪಯೋಗದ ಬಗ್ಗೆ. ಆ ಹುಡುಗಿ ಎಲ್ಲವನ್ನೂ ಬರೆದುಕೊಂಡಳು.

ಇಲ್ಲಿ ಯಾರೂ ಅವಳ ಬಾಯಿ ಕಟ್ಟಿರಲಿಲ್ಲ, ನೌಕರಿಗೆ ಸಂಚಕಾರ ಬರುವಂತಿರಲಿಲ್ಲ. ಹೆಗಲ ಮೇಲೆ ಬೆಚ್ಚಗಿತ್ತು, ಅಷ್ಟೇ. ತನ್ನ ಮೇಜಿನಿಂದ ಶಿಕ್ಕಾ ಬಿದ್ದ ಕಾರ್ಡು ಹೋಗದಿದ್ದರೆ ಸಾಕು ಎಂದು ಸಮಾಧಾನ ಹೇಳಿಕೊಂಡಳು. ಉಳಿದ ಐದು ಮೇಜುಗಳಿಂದ ಕಾರ್ಡುಗಳು ಹೋಗುತ್ತಲೇ ಇದ್ದವು.

ಎರಡು ವಾರ ತಡೆದು, ರಜೆಯ ದಿನ ಅವಳು ರೇಣವ್ವನ ಊರಿಗೆ ಹೋದಳು. ಕೊಟ್ಟಿಗೆಯ ಒಂದು ಮೂಲೆ ಗುಡಿಸಿ ರೇಣವ್ವ ಸಂಸಾರ ಹೂಡಿದ್ದಳು. ಗೋಡೆಯ ಮೊಳೆಗೆ ಒಂದು ಚಹಾದ ಕಪ್ಪು ನೇತಾಡುತ್ತಿತ್ತು. ಪೂನಮ್ ಅದನ್ನು ನೋಡಿ ನಿಂತುಬಿಟ್ಟಳು. ಅವಳ ಅಪ್ಪ ಅರ್ಜುನಪ್ಪ ಮಾಸ್ತರರಿಗೆ ಅವರು ಕೆಲಸಕ್ಕೆ ಸೇರಿದ ಮೊದಲ ಊರಿನ ಹೋಟೆಲಿನಲ್ಲಿ ಜಾತಿ ನೋಡಿ ಹೀಗೆಯೇ ಹೊರಗೋಡೆಗೆ ಬೇರೆ ಕಪ್ಪು ನೇತುಹಾಕಿರುತ್ತಿದ್ದರು. ತಾವೇ ತೊಳೆದು ತಾವೇ ತೂಗುಹಾಕಬೇಕಿತ್ತು. ಆ ಅಪ್ಪನ ಮಗಳು ಇನ್ನೊಬ್ಬಳ ಗೋಡೆಗೆ ಮೊಳೆ ಹೊಡೆದಿದ್ದಳು.

“ಆ ಕಾಗದಾ ಯಾರು ಬರದಿದ್ರವ್ವಾ?” ಎಂದು ರೇಣವ್ವ ಕೇಳಿದಳು.

“ನಾನ ಬರದಿದ್ದೆ, ಅವ್ವಾರ.”

ಬೈಯುತ್ತಾಳೆಂದು ಕಾದಳು. ರೇಣವ್ವ ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು, ನೆರೆಮನೆಯ ಸುದ್ದಿ ಕೇಳುವವಳಂತೆ ಕೇಳಿದಳು.

“ನನ್ನಂಥಾರಿಗೆ ಇನ್ನಾ ಎಷ್ಟ ಮಂದಿಗೆ ಕಳಿಸೀರಿ?”

ಪೂನಮ್‌ಗೆ ಲೆಕ್ಕ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಆ ಹೊತ್ತಿಗೂ ಯಾವುದೋ ಹಳ್ಳಿಯ ಕಟ್ಟೆಯ ಮೇಲೆ ಒಂದನ್ನು ಓದುತ್ತಿರಬಹುದು.

ಮುಂದಿನ ಎರಡನೆಯ ಶನಿವಾರ ಅವಳು ಶಾಲನ್ನು ಕೈಚೀಲದಲ್ಲಿ ತಂದು ಮೇಜಿನ ಮೇಲಿಟ್ಟಳು. ಈ ಸಲ ಬಾಯಿಪಾಠ ಮಾಡಿರಲಿಲ್ಲ. ಹೆಸರು, ಊರು ಬಿಟ್ಟು ಎಲ್ಲ ಹೇಳಿದಳು. ಸನ್ಮಾನದ ದಿನವೇ ತನಗೆ ಗೊತ್ತಿತ್ತು ಎಂಬುದನ್ನೂ ಹೇಳಿದಳು. ಚಾಷ್ಟಿಯ ಬಂದೇನವಾಜ ನೆಲ ನೋಡುತ್ತ, “ನಾ ನಿನ್ನೇನ ಹನ್ನೊಂದ ಕಾರ್ಡ ಹಾಕೇನ್ರಿ,” ಎಂದ.

ರಮಾಕಾಂತ ಸರ್ ಶಾಲನ್ನು ಬದಿಗೆ ಸರಿಸಿದರು. “ತಪ್ಪ ಎಲ್ಲಾರದೂ ಐತಿ. ಆದ್ರ ಈ ಒಂದ ತಿಂಗಳಿಂದು ನಿನ್ನೊಬ್ಬಾಕಿದು, ಪೂನಮ್,” ಎಂದರು.

ಖರೇ ಮಾತು. ಅವಳು ತಲೆ ತಗ್ಗಿಸಲಿಲ್ಲ, ಹೂಂ ಎಂದಳು.

ಅಂದು ಅವರು ಹಳ್ಳಿಗಳನ್ನು ಹಂಚಿಕೊಂಡರು. ಕಾರ್ಡು ಹೋದ ಮನೆಗಳಿಗೆ ಆರೂ ಜನ ಖುದ್ದಾಗಿ ಹೋದರು. ಕೆಲವು ಕಡೆ ಏನೂ ಆಗಿರಲಿಲ್ಲ, ಕೆಲವು ಕಡೆ ಬಾಗಿಲು ತೆರೆಯಲಿಲ್ಲ. ಅಲ್ಲಿಂದ ಮುಂದೆ ಹೊಸ ರೋಗಿಗೆ ಮೊದಲ ದಿನವೇ ಕೇಳುವ ಪ್ರಶ್ನೆಯೊಂದು ಹುಟ್ಟಿತು: ನಿಮಗೆ ಕಾಗದ ಬರೆಯಬಹುದೇ, ಬರೆದರೆ ಯಾರ ಹೆಸರಿನಿಂದ, ಯಾರ ಕೈಗೆ? ಕೂಟದ ಪದ್ಧತಿಯೂ ಬದಲಾಯಿತು. ಮೊದಲ ಒಂದು ತಾಸು ಯಾರೂ ತಾವು ಗೆದ್ದದ್ದನ್ನು ಹೇಳುವಂತಿಲ್ಲ, ಕೆಡಿಸಿದ್ದನ್ನೇ ಹೇಳಬೇಕು. ಆರು ಜನರ ಕೂಟ ಎರಡು ಸಾವಿರದ ಆರರ ಹೊತ್ತಿಗೆ ಮೂವತ್ತು ಜನರದಾಗಿತ್ತು.

ರೇಣವ್ವ ಪೂನಮ್‌ಳ ಜೊತೆ ಬಸ್ಸು ಹತ್ತಿ ಬಂದಳು, ಎರಡು ತಿಂಗಳು ತಡವಾಗಿ. ಗಡ್ಡೆ ಪುಪ್ಪುಸಕ್ಕೆ ಇಳಿದಿತ್ತು. ಮರುವರ್ಷ ತೀರಿಕೊಂಡಳು. ಮೊದಲೇ ಬಂದಿದ್ದರೂ ಬದುಕುತ್ತಿದ್ದಳೆಂದು ಹೇಳಲಾಗುತ್ತಿರಲಿಲ್ಲ ಎಂದು ಡಾಕ್ಟರು ಪೂನಮ್‌ಗೆ ಹೇಳಿದರು. ಅವಳು ಆ ಮಾತನ್ನು ಎಂದೂ ಯಾರೆದುರಿಗೂ ಎತ್ತಲಿಲ್ಲ. ಹೊಸಬರು ಬಂದಾಗಲೆಲ್ಲ ತಾನೇ ಮೊದಲು ಎದ್ದು ಆ ಒಂದು ತಿಂಗಳ ಕಥೆ ಹೇಳುತ್ತಾಳೆ. ಹತ್ತು ವರ್ಷವಾದರೂ ಧ್ವನಿ ಇನ್ನೂ ಸಲೀಸಾಗಿಲ್ಲ.

ನೀವು ಮಾಸ್ತರರಿರಬಹುದು, ನರ್ಸು, ವಕೀಲರು, ಪೇಪರಿನವರು ಇರಬಹುದು. ನಿಮಗೂ ಒಂದು ಸಂಘವಿದೆ, ಅಲ್ಲಿ ಹಾರ-ತುರಾಯಿಗೆ ಬರಗಾಲವಿಲ್ಲ. ನಿಮ್ಮ ಕೈಯಿಂದ ಕೇಡಾದ ಒಬ್ಬರ ಮುಖ ಇದನ್ನು ಓದುವಾಗಲೇ ನಿಮ್ಮ ಕಣ್ಣ ಮುಂದೆ ಬಂದಿದೆ, ಇಲ್ಲವೆನ್ನಬೇಡಿ. ಮುಂದಿನ ಸಭೆಯಲ್ಲಿ, ಮೊದಲ ಹಾರ ಬೀಳುವುದಕ್ಕೆ ಮುಂಚೆ, ಎದ್ದು ನಿಂತು ಅದನ್ನು ಹೇಳಿ.